ಕಾಲೇಜ್ ಮ್ಯಾಚಿನ ಫೋಟೊ ಕಲಿಯಾಕ ಫೋನ್ ಸಾಕೋ, ಹಳೇ ಡಿಎಸ್‌ಎಲ್‌ಆರ್ ಬೇಕೋ, ಮಿರರ್‌ಲೆಸ್ಸೋ? ಮೊದಲ ಆಟ ಆರಿಸ್ಕೊಳ್ರಿ

ಇಂಟರ್ ಕಾಲೇಜ್ ಟೂರ್ನಮೆಂಟ್ ಚಾಲೂ ಆದ್ವು ಅಂದ್ರ ಜೂನಿಯರ್ ಹುಡುಗೂರ ಕಡಿಂದ ನನಗ ಒಂದ ಮೆಸೇಜ್ ಬರ್ತೈತಿ, ಅಣ್ಣಾ 30 ಸಾವಿರ ಐತಿ ಯಾವ ಕ್ಯಾಮೆರಾ ತಗೊಳ್ಳಿ ಅಂತ. ನಾ ತಿರುಗಿ ಕೇಳೂದು ಎರಡ ಮಾತು, ಯಾವ ಆಟ ತೆಗೀತಿ, ಎಷ್ಟ್ ಗಂಟೆಕ್ಕ ತೆಗೀತಿ. ಇವೆರಡು ಗೊತ್ತಿಲ್ಲದ ಅಂಗಡಿಗೆ ಹೋದ್ರ ರೊಕ್ಕ ಖರ್ಚಾಗಿರ್ತೈತಿ, ಫೋಟೊ ಬಂದಿರೂದಿಲ್ಲ. ಮುಂಜಾನೆ ಹತ್ತಕ್ಕ ಧಾರವಾಡದ ಆರ್.ಎನ್. ಶೆಟ್ಟಿ ಸ್ಟೇಡಿಯಂ ಟ್ರ್ಯಾಕ್ ಮ್ಯಾಲ ಓಡೋರನ್ನ ತೆಗಿಯಾಕ ಬೇಕಾಗೋ ಸಾಮಾನು ಬ್ಯಾರೆ, ಸಂಜೀ ಏಳಕ್ಕ ಹುಬ್ಬಳ್ಳಿ ವಿದ್ಯಾನಗರದಾಗ ಯಾವ್ದೋ ಹಾಸ್ಟೆಲ್ ಹಿಂದಿನ ಬಯಲಿನ್ಯಾಗ ನಾಕ ಲೈಟ್ ಕಟ್ಟಿ ಆಡೋ ಕಬಡ್ಡಿ ತೆಗಿಯಾಕ ಬೇಕಾಗೋದು ಬ್ಯಾರೆ. ಅದಕ್ಕ ನಾ ಕ್ಯಾಮೆರಾದಿಂದ ಶುರು ಮಾಡೂದಿಲ್ಲ, ಆಟದಿಂದ ಶುರು ಮಾಡ್ತೀನಿ, ಆಮ್ಯಾಲ ಲೆನ್ಸ್, ಎಲ್ಲಾದಕ್ಕಿಂತ ಕಡೀಕ ಬಾಡಿ, ಅಂದ್ರ ಲೆನ್ಸ್ ಬಿಟ್ಟು ಬರೇ ಕ್ಯಾಮೆರಾ.

ಯಾವ ಆಟದಿಂದ ಕಲಿಯೂದು

ನನ್ನ ಕೇಳಿದ್ರ ಖೋ ಖೋ. ಕಾರಣ ಐತಿ. ಆಟದ ಫೋಟೊದಾಗ ಅರ್ಧ ಕೆಲಸ ಅಂದ್ರ ಮುಂದ ಏನಾಗ್ತೈತಿ ಅಂತ ಮೊದ್ಲ ಗೊತ್ತಿರೂದು, ಖೋ ಖೋದಾಗ ರೂಲ್ಸೇ ಅದನ್ನ ನಿಮಗ ಹೇಳ್ಕೊಡ್ತಾವ. ಎಂಟ್ ಮಂದಿ ನಡುವಿನ ಸಾಲಿನ್ಯಾಗ ಒಬ್ಬ ಆ ಕಡೆ ಒಬ್ಬ ಈ ಕಡೆ ಮಕಾ ಮಾಡಿ ಕುಂತಿರ್ತಾರ, ಒಂಬತ್ತನೇದಾಂವ ಬೆನ್ನ ಹತ್ತತಾನ, ಅಂವ ಒಮ್ಮೆ ಒಂದು ಕಂಬದ ದಿಕ್ಕ ಹಿಡದಾ ಅಂದ್ರ ಖೋ ಕೊಡೂತನಾ ಇಲ್ಲಾ ಆ ಕಂಬ ದಾಟೂತನಾ ಹಿಂದ ತಿರಗಂಗಿಲ್ಲ. ಅಂದ್ರ ಅಂವ ಎಲ್ಲಿಗೆ ಬರ್ತಾನ ಅನ್ನೂದು ಅಂವ ಬರೋಕಿಂತ ಎರಡ್ ಸೆಕೆಂಡ್ ಮೊದ್ಲ ನಿಮಗ ಗೊತ್ತಿರ್ತೈತಿ. ಅಂಗಳ 27 ಮೀಟರ್ ಉದ್ದ, 16 ಮೀಟರ್ ಅಗಲ, ಭಾಳ ದೊಡ್ಡದಲ್ಲ, ಒಂದು ಕಂಬದ ಹಿಂದ ಓರಿಯಾಗಿ ನಾಕೈದ್ ಮೀಟರ್ ದೂರ ಮೊಣಕಾಲೂರಿ ಕುಂತ್ರ ಸಾಕು, ಇಡೀ ಮ್ಯಾಚ್ ನಿಮ್ಮ ಕಡೆನ ಬರ್ತೈತಿ.

ಕಂಬದ ಡೈವ್ ಒಂದ್ಸಲ ಸನೇಕಿಂದ ನೋಡ್ರಿ. ಒಂದ್ ಕೈಲೆ ಕಂಬ ಹಿಡದಿರ್ತಾನ, ಮೈ ಪೂರಾ ನೆಲಕ್ಕ ಅಡ್ಡ ಹೋಗಿರ್ತೈತಿ, ಇನ್ನೊಂದು ಕೈ ಬೆರಳು ಮುಂದ ಓಡಾಂವನ ಹಿಮ್ಮಡಿಗೆ ಗೇಣ ದೂರ ಇರ್ತಾವ, ಆ ಹೊತ್ತಿಗೆ ಎದಿ ಇನ್ನೂ ನೆಲಕ್ಕ ಬಡದಿರೂದಿಲ್ಲ, ಕೆಂಪು ಮಣ್ಣು ಕಾಲ ಹತ್ರ ಮಾತ್ರ ಎದ್ದಿರ್ತೈತಿ. ಬಟನ್ ಒತ್ತೋ ಹೊತ್ತು ಅದ. ತುಸು ತಡ ಆತಂದ್ರ ಧೂಳೆದ್ದು ಮಕಾ ಮುಚ್ಚಿಬಿಡ್ತೈತಿ, ತುಸು ಲಗೂನ ಒತ್ತಿದ್ರ ಬರೇ ಓಡಾಕತ್ತ ಹುಡುಗ ಕಾಣ್ತಾನ. ನಾ ಇದೊಂದ ಫೋಟೊ ಬರೋಬ್ಬರಿ ಸಿಗಾಕ ಮೂರು ಟೂರ್ನಮೆಂಟ್ ಕಾದೀನಿ, ಆದ್ರ ಆ ಮೂರು ಟೂರ್ನಮೆಂಟಿನ್ಯಾಗ ಕಲ್ತಷ್ಟ ಆಮ್ಯಾಲ ಯಾವ ವಿಡಿಯೊ ನೋಡಿನೂ ಕಲ್ತಿಲ್ಲ.

ಕಬಡ್ಡಿ ಇದಕ್ಕ ಸಮ ನಿಲ್ಲೋ ಆಟ, ಮಜಾನೂ ಜಾಸ್ತಿ, ಆದ್ರ ಕಷ್ಟನೂ ಜಾಸ್ತಿ. ಕೋರ್ಟ್ ಸಣ್ಣದು, ಗಂಡ್ಮಕ್ಕಳದು 13 ಬೈ 10 ಮೀಟರ್, ಹೆಣ್ಮಕ್ಕಳದು 12 ಬೈ 8, ಅದಕ್ಕ ಉದ್ದನ ಲೆನ್ಸ್ ಬೇಕಾಗೂದಿಲ್ಲ. ರೇಡಿಗೆ 30 ಸೆಕೆಂಡ್, ಮೊದಲ 20 ಸೆಕೆಂಡ್ ಏನೂ ಆಗೂದಿಲ್ಲ, ಆಮ್ಯಾಲ ಒಂದ ಸೆಕೆಂಡಿನ್ಯಾಗ ಐದ್ ಮಂದಿ ಒಬ್ಬನ ಮ್ಯಾಲ ಬಿದ್ದಿರ್ತಾರ, ಫೋಟೊದಾಗ ನೋಡಿದ್ರ ಬರೇ ಬೆನ್ನು. ಇಲ್ಲಿ ಎಲ್ಲಿ ಕುಂಡ್ರತೀರಿ ಅನ್ನೂದ ಎಲ್ಲಾ. ಡಿಫೆಂಡರ್ಸ್ ಹಿಂದ ಎಂಡ್ ಲೈನ್ ಮೂಲ್ಯಾಗ ಕುಂತ್ರ ರೇಡರ್ ಮಕಾ ಸಿಗ್ತೈತಿ, ಅಂವ ಯಾರನ್ನ ನೋಡಾಕತ್ತಾನ, ಯಾವ ಕಾಲ ಮುಂದ ಇಟ್ಟಾನ, ಎಲ್ಲಾ. ನಡುಗೆರಿ ಹತ್ರ ಕುಂತ್ರ ಹಿಡಸ್ಕೊಂಡ ರೇಡರ್ ಕೈ ಚಾಚಿ ಗೆರಿ ಮುಟ್ಟೋ ಆ ಒಂದು ಹೊತ್ತು ಸಿಗ್ತೈತಿ, ಆದ್ರ ಬಾಜೂ ಗೆರಿ ಮ್ಯಾಲ ಅಂಪೈರ್ ಅಡ್ಡಾಡತಿರ್ತಾರ, ಹತ್ತರಾಗ ಆರು ಸಲ ನಿಮ್ಮ ಫ್ರೇಮಿನ್ಯಾಗ ಅವರ ಪ್ಯಾಂಟ್ ಬರ್ತೈತಿ. ಹೊಸಬ್ರಿಗೆ ನಾ ಹೇಳೂದು ಎಂಡ್ ಲೈನ್ ಮೂಲಿ, ಗೆರಿಯಿಂದ ಎರಡ್ ಮೂರ್ ಮೀಟರ್ ಹಿಂದ, ಯಾಕಂದ್ರ ಡ್ಯಾಶ್ ಹೊಡದ್ರ, ಅಂದ್ರ ಗುದ್ದಿ ಹೊರಗ ತಳ್ಳಿದ್ರ, ಆಟಗಾರ ಗೆರಿ ದಾಟಿ ಬರ್ತಾನ, ನಿಮ್ಮ ಲೆನ್ಸಿಗೆ ಅಂವನ ಹಲ್ಲು ಬಡೀಬಾರ್ದು.

ಅಥ್ಲೆಟಿಕ್ಸಿನ್ಯಾಗ 100 ಮೀಟರ್ ಹೊಸಬ್ರಿಗೆ ಬ್ಯಾಡ, ಹನ್ನೊಂದ್ ಸೆಕೆಂಡಿಗೆ ಆಟ ಮುಗೀತೈತಿ, ತಪ್ಪು ತಿಳ್ಕೊಳ್ಳಾಕೂ ಪುರಸೊತ್ತಿಲ್ಲ. ಲಾಂಗ್ ಜಂಪ್ ತಗೊಳ್ರಿ, ಒಬ್ಬೊಬ್ರಿಗೂ ಮೂರು ಜಂಪ್ ಇರ್ತಾವ, ಒಂದ ಜಾಗಾದಿಂದ ಹಾರ್ತಾರ, ಒಂದ ಜಾಗಾದಾಗ ಬೀಳ್ತಾರ, ಮೊದಲ್ನೇ ಜಂಪಿನ್ಯಾಗ ಫೋಕಸ್ ತಪ್ಪಿದ್ರ ಎರಡ್ನೇದಾಗ ಸರಿ ಮಾಡ್ಕೊಬಹುದು. ಮರಳ ಗುಂಡಿ ಮುಂದ ನೆಲಕ್ಕ ಹತ್ತಿ ಕುಂತ್ರ ಆಕಾಶ ಹಿಂದ ಬರ್ತೈತಿ, ಹಿಂದಿನ ಪೆಂಡಾಲು, ಕುರ್ಚಿ, ಬೈಕು ಯಾವ್ದೂ ಕಾಣೂದಿಲ್ಲ. ಜಾವೆಲಿನ್ನು, ಶಾಟ್‌ಪುಟ್ ಬೀಳೋ ಕಡೆ ಮಾತ್ರ ಕಾಲಿಡಬ್ಯಾಡ್ರಿ, ಅದರಾಗ ಆಪ್ಷನ್ ಇಲ್ಲ.

ವಾಲಿಬಾಲ್ ಎರಡ್ನೇ ಸೀಸನ್ನಿಗೆ ಇಡ್ರಿ. ನೆಟ್ ಗಂಡ್ಮಕ್ಕಳಿಗೆ 2.43 ಮೀಟರ್, ಹೆಣ್ಮಕ್ಕಳಿಗೆ 2.24, ಹೊಸಬ್ರ ಕ್ಯಾಮೆರಾ ಆಟಗಾರನ್ನ ಬಿಟ್ಟು ಆ ನೆಟ್ಟಿಗೇ ಫೋಕಸ್ ಹಿಡೀತೈತಿ. ಕ್ರಿಕೆಟ್ ಎಲ್ಲಾದಕ್ಕಿಂತ ಕಡೀಕ. ಗದಗಿಂದ ಸುನೀಲ್ ಜೋಶಿ ಇಂಡಿಯಾ ಟೀಮಿಗೆ ಹೋಗಿ ಆಡಿದ್ದು ನಮಗೆಲ್ಲಾ ಹೆಮ್ಮಿ, ನನಗೂ ಆ ಆಟದ ಮ್ಯಾಲ ಭಾಳ ಪ್ರೀತಿ, ಆದ್ರ ಲೆಕ್ಕ ಹಾಕಿ ನೋಡ್ರಿ. ಬೌಂಡರಿಯಿಂದ ಬ್ಯಾಟ್ಸ್‌ಮನ್ 60 ಮೀಟರ್ ದೂರ ಇದ್ರ, ಕ್ಯಾಮೆರಾ ಜೋಡಿ ಬರೋ 18-55 ಲೆನ್ಸಿನ್ಯಾಗ (ಈ ನಂಬರ್ ಎಂಎಂ, ಜಾಸ್ತಿ ಆದಷ್ಟು ದೂರಿಂದು ಹತ್ರ ಕಾಣ್ತೈತಿ) ಅಂವ ಫ್ರೇಮ್ ಎತ್ತರದ ಹತ್ತನೇ ಒಂದು ಪಾಲು ಕಾಣ್ತಾನ, 250 ಎಂಎಂ ಹಾಕಿದ್ರ ಹತ್ತತ್ರ ಅರ್ಧ. ಫೋನಿನ ಸಾದಾ ಲೆನ್ಸಿನ್ಯಾಗ ಇರುವಿ.

ಲೆನ್ಸ್: ಬೆಳಕ ಬೇಕೋ ಉದ್ದ ಬೇಕೋ

ಆಟ ಆರಿಸಿದ ಮ್ಯಾಲ ಲೆನ್ಸ್ ತಂತಾನ ಆರಿಸಿಕೊಳ್ತೈತಿ. ಹಗಲ ಹೊತ್ತಿನ ಖೋ ಖೋ, ಅಥ್ಲೆಟಿಕ್ಸ್, ಕ್ರಿಕೆಟ್ ಆದ್ರ ಕೆನಾನಿನ 55-250 ಎಸ್‌ಟಿಎಂ ಇಲ್ಲಾ ನಿಕಾನಿನ 70-300, ಇವಕ್ಕಿಂತ ಸೋವಿಯಾಗಿ ಇಷ್ಟ್ ಉಪಯೋಗ ಇರೋ ಲೆನ್ಸ್ ಸಿಗಂಗಿಲ್ಲ. ಸಂಜೀ ಲೈಟಿನ ಕಬಡ್ಡಿ, ಇಂಡೋರ್ ಬ್ಯಾಡ್ಮಿಂಟನ್, ಟೇಬಲ್ ಟೆನಿಸ್ ಆದ್ರ 50 ಎಂಎಂ ಎಫ್ 1.8, ರೊಕ್ಕ ಇದ್ರ 85 ಎಂಎಂ ಎಫ್ 1.8. ಈ ಎಫ್ ನಂಬರ್ ಅಂದ್ರ ಲೆನ್ಸಿನ ಕಂಡಿ ಎಷ್ಟ್ ತೆರೀತೈತಿ ಅನ್ನೂದು, ನಂಬರ್ ಸಣ್ಣದಾದಷ್ಟು ಬೆಳಕ ಜಾಸ್ತಿ, ಭಾಳ ಮಂದಿ ಇದನ್ನ ಓದಿ ಮುಂದ ಹೋಗ್ತಾರ, ಆದ್ರ ಫರಕ್ ಎಷ್ಟೈತಿ ಅಂದ್ರ 55-250 ಪೂರಾ ಉದ್ದ ಜೂಮ್ ಮಾಡಿದಾಗಿನ ಎಫ್ 5.6ಕ್ಕಿಂತ ಎಫ್ 1.8ರಾಗ ಸುಮಾರು ಹತ್ತು ಪಟ್ಟು ಬೆಳಕ ಒಳಗ ಬರ್ತೈತಿ. 50 ಎಂಎಂ ಹಾಕಿ ಐಎಸ್‌ಒ (ಕ್ಯಾಮೆರಾ ಬೆಳಕನ್ನ ಹಿಗ್ಗಸೋ ಮಟ್ಟ) 3200ದಾಗ ತೆಗಿಯೋ ಫೋಟೊನ 55-250ದಾಗ ತೆಗೀಬೇಕಂದ್ರ ಐಎಸ್‌ಒ 32000ದ ಹತ್ರ ಹೋಗಬೇಕು, ಅಲ್ಲಿ ಮಕಾ ಅನ್ನೂದು ಬರೇ ಕಾಳು ಕಾಳು ಆಗಿರ್ತೈತಿ. ಲೆನ್ಸಿನ್ಯಾಗ ಐಎಸ್ ಐತಿ, ವಿಆರ್ ಐತಿ ಅಂತ ಅಂಗಡ್ಯಾಗ ಹೇಳ್ತಾರ, ಅದು ನಿಮ್ಮ ಕೈ ನಡಗೂದನ್ನ ತಡೀತೈತಿ, ಓಡೋ ಹುಡುಗನ್ನ ನಿಲ್ಲಸೂದಿಲ್ಲ. ಅಂವನ್ನ ನಿಲ್ಲಸೂದು ಶಟರ್ ಸ್ಪೀಡ್ ಒಂದ, ಅಂದ್ರ ಕ್ಯಾಮೆರಾ ಎಷ್ಟ್ ಹೊತ್ತು ಬೆಳಕ ಒಳಗ ಬಿಡ್ತೈತಿ ಅನ್ನೂದು. 100 ಮೀಟರ್ 11 ಸೆಕೆಂಡಿಗೆ ಓಡಾಂವ 1/250 ಸೆಕೆಂಡಿನ್ಯಾಗ ಮೂರೂವರಿ ಸೆಂಟಿಮೀಟರಿಗಿಂತ ಜಾಸ್ತಿ ಮುಂದ ಹೋಗಿರ್ತಾನ, 1/1000ದಾಗ ಒಂದು ಸೆಂಟಿಮೀಟರೂ ಇಲ್ಲ, ಕೈಕಾಲಂತೂ ಇನ್ನೂ ಜೋರ ಬೀಸ್ತಿರ್ತಾವ.

50 ಮತ್ತ 85ರ ನಡುವ ಯಾವ್ದು ಅಂದ್ರ, ಎಂಡ್ ಲೈನ್ ಮೂಲ್ಯಾಗ ಕುಂತ್ರ 50 ಸಾಕು, ರೇಡರ್ ಪೂರಾ ಮೈ ಬರ್ತೈತಿ, ಹಿಡಿಯೋರೂ ಬರ್ತಾರ. 85 ಹಾಕಿದ್ರ ಮಕಾ ಚಂದ ಸಿಗ್ತೈತಿ ಆದ್ರ ರಾಶಿ ಬಿದ್ದಾಗ ಕಾಲು ಕೈ ಕಟ್ ಆಗ್ತಾವ. ನಾ ಮೊದಲ್ನೇ ವರ್ಷ ಬರೇ 50ರಾಗ ತೆಗದೆ, ಜೂಮ್ ಇಲ್ಲದ್ದಕ್ಕ ಎದ್ದು ಜಾಗಾ ಬದಲಸೂದು ರೂಢಿ ಆತು, ಅದು ಭಾಳ ಚಲೋ ಆತು.

70-200 ಎಫ್ 2.8 ಎಲ್ಲಾರಿಗೂ ಆಸೆ. ಚಲೋ ಲೆನ್ಸ್ ಖರೇ, ಆದ್ರ ಅದರ ತೂಕ ಸುಮಾರು ಒಂದೂವರಿ ಕೆಜಿ, ರೇಟ್ ಸ್ಟೂಡೆಂಟಿಗೆ ಆಗೂದಲ್ಲ. ಕೊಳ್ಳಬ್ಯಾಡ್ರಿ, ಫೈನಲ್ ಮ್ಯಾಚಿದ್ದ ಒಂದ ದಿವಸಕ್ಕ ಬಾಡಿಗಿ ತಗೊಳ್ರಿ. ನಮ್ಮ ಊರಾಗ ಇಂಥಾ ಲೆನ್ಸ್ ಜಾಸ್ತಿ ಇರೂದು ಮದಿವಿ ಫೋಟೊಗ್ರಾಫರ್ ಕಡೆ, ಅದಕ್ಕ ಮೊದ್ಲ ಕ್ಯಾಲೆಂಡರ್ ನೋಡ್ರಿ, ಮುಹೂರ್ತ ಇದ್ದ ದಿನ ಕೇಳಿದ್ರ ಯಾರೂ ಕೊಡೂದಿಲ್ಲ, ಮುಹೂರ್ತ ಇಲ್ಲದ ವಾರದಾಗ ಕೇಳಿದ್ರ ಕಡಿಮಿಗೂ ಕೊಡ್ತಾರ, ಒಂದೆರಡು ಮಾತು ಕಲಿಸಿನೂ ಕಳಸ್ತಾರ.

ಈಗ ಬಾಡಿ

ಫೋನ್ ಮೊದ್ಲ. ಫೋನಿನ್ಯಾಗ ಆಟದ ಫೋಟೊ ಬರಂಗ ಇಲ್ಲ ಅನ್ನೋರ ಮಾತು ಪೂರ್ತಿ ಖರೇ ಅಲ್ಲ. ಬಿಸಲಿನ್ಯಾಗ ಪ್ರೊ ಮೋಡಿಗೆ ಹೋಗಿ ಶಟರ್ 1/1000 ಇಟ್ರ ಲಾಂಗ್ ಜಂಪ್, ಖೋ ಖೋ ಕಂಬ, ಇವನ್ನ ಸನೇಕಿಂದ ತೆಗೀಬಹುದು. ಸಾದಾ ಮೋಡಿನ್ಯಾಗ ಫೋನ್ ಏನ ಮಾಡ್ತೈತಿ ಅಂದ್ರ ಒಂದರ ಮ್ಯಾಲ ಒಂದು ನಾಕಾರು ಫ್ರೇಮ್ ಕೂಡಿಸಿ ಒಂದು ಫೋಟೊ ಮಾಡ್ತೈತಿ, ನಿಂತವರು ಚಂದ ಬರ್ತಾರ, ಓಡೋರ ಕೈ ಕಾಲು ಕಲಿಸಿದಂಗ ಆಗ್ತಾವ. ಸಂಜೀ ಲೈಟಿನ್ಯಾಗಂತೂ ಕೈ ಬಿಡ್ರಿ. ಆದ್ರ ಕ್ಯಾಮೆರಾ ಕೊಳ್ಳೋಕಿಂತ ಮೊದ್ಲ ಒಂದು ತಿಂಗಳ ಫೋನ್ ಹಿಡಕೊಂಡ ಗ್ರೌಂಡಿಗೆ ಹೋಗ್ರಿ ಅಂತ ನಾ ಎಲ್ಲಾರಿಗೂ ಹೇಳ್ತೀನಿ, ಎಲ್ಲಿ ಕುಂಡ್ರಬೇಕು, ಯಾವಾಗ ಒತ್ತಬೇಕು ಅನ್ನೂದು ಫೋನಿನ್ಯಾಗೂ ಕಲೀಬಹುದು, ಮತ್ತ ನಿಮಗ ಈ ಬಿಸಲು, ಧೂಳು, ಕಾಯೂದು ಖರೇನ ಸೇರ್ತೈತಿ ಇಲ್ಲೋ ಅಂತ ಗೊತ್ತಾಗ್ತೈತಿ. ಟಾಸು, ಆಟಗಾರ್ತಿ ಪಾದಕ್ಕ ಟೇಪ್ ಸುತ್ಕೊಳ್ಳೂದು, ಸೋತ ಟೀಮ್ ಬಾಟ್ಲಿ ಹಿಡಕೊಂಡ ಸುಮ್ಮ ಕುಂತಿದ್ದು, ಇವು ಫೋನಿನ್ಯಾಗ ಕ್ಯಾಮೆರಾಕಿಂತ ಚಲೋ ಬರ್ತಾವ, ಯಾಕಂದ್ರ ಫೋನ್ ನೋಡಿ ಯಾರೂ ಪೋಸ್ ಕೊಡೂದಿಲ್ಲ.

ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಅಂದ್ರ ಒಳಗ ಕನ್ನಡಿ ಇರೋ, ಲೆನ್ಸ್ ಬದಲಸೋ ಕ್ಯಾಮೆರಾ, ಅದಕ್ಕ ನನ್ನ ಓಟು. 30 ಸಾವಿರದ ಹುಡುಗಗ ನಾ ಹೇಳೂದು ಕೆನಾನ್ 200ಡಿ ಇಲ್ಲಾ ನಿಕಾನ್ ಡಿ5300, ಡಿ5600. ಮೂರೂ ಸೆಕೆಂಡಿಗೆ 5 ಫ್ರೇಮ್ ತೆಗೀತಾವ, ನಿಕಾನಿನ್ಯಾಗ ಫೋಕಸ್ ಪಾಯಿಂಟ್ 39, 200ಡಿದಾಗ ವ್ಯೂಫೈಂಡರಿನ್ಯಾಗ ಬರೇ 9, ಅದಕ್ಕ ಓಡೋರನ್ನ ಬೆನ್ನ ಹತ್ತೂದರಾಗ ನಿಕಾನ್ ತುಸು ಮುಂದ. 1500ಡಿ ಹೊಸಾದು ಸೋವಿ ಸಿಗ್ತೈತಿ ಅಂತ ಭಾಳ ಮಂದಿ ತಗೊಳ್ತಾರ, ಅದು ಸೆಕೆಂಡಿಗೆ 3 ಫ್ರೇಮ್, ಎರಡು ಫ್ರೇಮಿನ ನಡುವ ಮೂರನೇ ಒಂದು ಸೆಕೆಂಡ್ ಖಾಲಿ, ಕಂಬದ ಡೈವ್ ಆ ಖಾಲಿ ಜಾಗಾದಾಗ ಆಗಿ ಹೋಗಿರ್ತೈತಿ. ಅದ ಇದ್ರ ಬರ್ಸ್ಟ್ (ಬಟನ್ ಒತ್ತಿ ಹಿಡದು ಸಾಲಾಗಿ ತೆಗಿಯೂದು) ನಂಬಬ್ಯಾಡ್ರಿ, ಒಂದ ಸಲ ಬರೋಬ್ಬರಿ ಒತ್ತೂದು ಕಲೀರಿ, ಅದೂ ಒಂದು ದಾರಿ, ಕೆಟ್ಟದಲ್ಲ. ರೊಕ್ಕ ತುಸು ಜಾಸ್ತಿ ಇದ್ರ ಕೆನಾನ್ 80ಡಿ, 45 ಪಾಯಿಂಟ್, ಸೆಕೆಂಡಿಗೆ 7 ಫ್ರೇಮ್. ಅದರಾಗ ಆಂಟಿ ಫ್ಲಿಕರ್ ಐತಿ, ಲೈಟ್ ಮಿಣಕೋ ಲಯ ನೋಡಿ ಫೋಟೊ ತೆಗೀತೈತಿ, ನಮ್ಮ ಕಡೆ ಸಂಜೀ ಮ್ಯಾಚಿಗೆ ಇದು ದೊಡ್ಡ ಮಾತು, ಯಾಕಂದ್ರ ಕರೆಂಟ್ 50 ಹರ್ಟ್ಸ್ ಇರೂದ್ರಿಂದ ಭಾಳಷ್ಟು ಲೈಟ್ ಸೆಕೆಂಡಿಗೆ 100 ಸಲ ಮಿಣಕ್ತಾವ, ಕಣ್ಣಿಗೆ ಕಾಣೂದಿಲ್ಲ, 1/1000ದಾಗ ತೆಗದ್ರ ಒಂದು ಫ್ರೇಮ್ ಬೆಳ್ಳಗ, ಮುಂದಿಂದು ಹಳದಿ, ಅದರ ಮುಂದಿಂದು ಅರ್ಧ ಕಪ್ಪು.

ಸೆಕೆಂಡ್ ಹ್ಯಾಂಡಿನ್ಯಾಗ ಮೋಸ ಹೋಗೋ ಜಾಗಾ ಅಂದ್ರ ಲೆನ್ಸ್ ಜೋಡಿ. ನಾ ಮೊದಲ ತಗೊಂಡಿದ್ದು ನಿಕಾನ್ ಡಿ3200, ಅದಕ್ಕ 70-300 ಎಎಫ್-ಪಿ ಲೆನ್ಸ್. ಅಂಗಡ್ಯಾಗ ಎಲ್ಲಾ ನಿಕಾನ್ ಲೆನ್ಸ್ ಎಲ್ಲಾ ನಿಕಾನಿಗೆ ಕುಂಡ್ರತಾವ ಅಂದ್ರು, ಕುಂಡ್ರತೂ ಖರೇ, ಟಕ್ ಅಂತ ಸೌಂಡೂ ಬಂತು. ಮರುದಿನ ಗ್ರೌಂಡಿಗೆ ಹೋಗಿ ನೋಡಿದ್ರ ಫೋಕಸ್ ಅನ್ನೂದ ಇಲ್ಲ, ರಿಂಗ್ ತಿರುವಿದ್ರೂ ಇಲ್ಲ, ಯಾಕಂದ್ರ ಆ ಲೆನ್ಸಿನ್ಯಾಗ ರಿಂಗೂ ಮೋಟಾರಿನ ಮ್ಯಾಲ ನಡೀತೈತಿ, ಡಿ3200, ಡಿ5100, ಡಿ7000 ಇಂಥಾ ಹಳೇ ಬಾಡಿಗಳಿಗೆ ಅದು ಹೊಂದೂದಿಲ್ಲ. ಆ ಇಡೀ ಟೂರ್ನಮೆಂಟ್ 18-55ದಾಗ ತೆಗದೆ, ವಾಪಸ್ ಕೊಡಾಕ ಹೋದಾಗ ಒಂದೂವರಿ ಸಾವಿರ ಮುರಕೊಂಡು ಬ್ಯಾರೆ ಲೆನ್ಸ್ ಕೊಟ್ರು. ಇದರ ಉಲ್ಟಾನೂ ಐತಿ, ಹಳೇ 50 ಎಂಎಂ 1.8 ಡಿ ಲೆನ್ಸ್ ಸೋವಿ ಸಿಗ್ತೈತಿ, ಡಿ3000, ಡಿ5000 ಸಾಲಿನ ಬಾಡಿಗೆ ಹಾಕಿದ್ರ ಆಟೊಫೋಕಸ್ ಆಗೂದಿಲ್ಲ, ಬಾಡಿಯೊಳಗ ಮೋಟಾರ್ ಇಲ್ಲ, ಆ ಬಾಡಿಗಳಿಗೆ ಎಎಫ್-ಎಸ್ 50 ಎಂಎಂ 1.8 ಜಿ ಬೇಕು. ಡಿ7200ದಾಗ ಮೋಟಾರ್ ಐತಿ, ಅದಕ್ಕ ಎರಡೂ ನಡೀತಾವ. ಅದಕ್ಕ ಅಂಗಡ್ಯಾಗ ಲೆನ್ಸ್ ಹಾಕ್ಕೊಂಡು ಬಾಗಲಕ್ಕ ಬಂದು ರೋಡಿನ್ಯಾಗ ಹೋಗೋ ಬೈಕಿಗೆ ಫೋಕಸ್ ಹಿಡದ ನೋಡ್ರಿ, ಬರೇ ಗ್ವಾಡಿಗೆ ಹಿಡದ್ರ ಗೊತ್ತಾಗೂದಿಲ್ಲ. ಶಟರ್ ಕೌಂಟ್, ಅಂದ್ರ ಇಲ್ಲಿತನಾ ಎಷ್ಟ್ ಫೋಟೊ ತೆಗದೈತಿ ಅನ್ನೋ ಲೆಕ್ಕ, ನಿಕಾನಿನ್ಯಾಗ ಫೋಟೊ ಫೈಲಿನೊಳಗ ಬರದಿರ್ತೈತಿ, ಒಂದು ಫೋಟೊ ತೆಗದ ಚೆಕ್ ಮಾಡ್ಕೊಬಹುದು, ಕೆನಾನಿನ ಭಾಳ ಮಾಡೆಲಿನ್ಯಾಗ ಹಂಗ ಕಾಣೂದಿಲ್ಲ. ಲೆನ್ಸ್ ಬೆಳಕಿಗೆ ಹಿಡದು ಒಳಗ ಬೂಸಲು ಐತೋ ನೋಡ್ರಿ, ಧಾರವಾಡದ ಜಿಟಿಜಿಟಿ ಮಳ್ಯಾಗ ನಾಕ ತಿಂಗಳ ಕಪಾಟಿನ್ಯಾಗ ಮುಚ್ಚಿಟ್ಟ ಲೆನ್ಸಿಗೆ ಬೂಸಲು ಹಿಡಿಯೂದು ದೊಡ್ಡ ಮಾತಲ್ಲ.

ಮಿರರ್‌ಲೆಸ್, ಅಂದ್ರ ಆ ಕನ್ನಡಿ ಇಲ್ಲದ ಹೊಸಾ ನಮೂನಿ ಕ್ಯಾಮೆರಾ, ಅದರ ಬಗ್ಗೆ. ಕೆನಾನ್ ಆರ್50, ಆರ್10, ಸೋನಿ ಎ6400, ನಿಕಾನ್ ಝಡ್50, ಇವು ಕಣ್ಣು ಮಕಾ ಗುರ್ತ ಹಿಡದು ಫೋಕಸ್ ಮಾಡ್ತಾವ, ಕಬಡ್ಡಿ ರಾಶ್ಯಾಗೂ ರೇಡರ್ ಮಕಾ ಹುಡುಕ್ತಾವ, ಸೆಕೆಂಡಿಗೆ ಹತ್ತರ ಮ್ಯಾಲ ಫ್ರೇಮ್. ಫೋಟೊ ಪಕ್ಕಾ ಜಾಸ್ತಿ ಬರ್ತಾವ, ಇದರಾಗ ವಾದ ಇಲ್ಲ. ಆದ್ರ 30 ಸಾವಿರದಾಗ ಆಗೂದಿಲ್ಲ, ಮತ್ತ ಇದ್ದ ರೊಕ್ಕ ಎಲ್ಲಾ ಬಾಡಿ ಮ್ಯಾಲ ಹಾಕಿ, ಜೋಡಿ ಬರೋ ಕಿಟ್ ಲೆನ್ಸಿನ್ಯಾಗ ಸಂಜೀ ಕಬಡ್ಡಿಗೆ ಹೋದ್ರ, 50 ಎಂಎಂ ಹಾಕಿದ ಹಳೇ ಡಿ5300ದಾಂವ ನಿಮಗಿಂತ ಚಲೋ ಫೋಟೊ ತರ್ತಾನ. ಮನ್ಯಾಗ ಕೊಡಸ್ತಾರ ಅಂದ್ರ ತಗೊಳ್ರಿ, ಕೆನಾನ್ ಆದ್ರ ಅಡಾಪ್ಟರ್ ಹಾಕಿ ಹಳೇ ಇಎಫ್ ಲೆನ್ಸ್ ಆಟೊಫೋಕಸ್ ಸಮೇತ ನಡಸಬಹುದು, ಸೆಕೆಂಡ್ ಹ್ಯಾಂಡ್ 55-250 ಅಲ್ಲೂ ಉಪಯೋಗಕ್ಕ ಬರ್ತೈತಿ. ಒಂದು ಹುಷಾರು, ಆವಾಜ್ ಬಾರದ ಎಲೆಕ್ಟ್ರಾನಿಕ್ ಶಟರ್ ಹಾಕಿದ್ರ ಈ ಸೋವಿ ಬಾಡಿಗಳಾಗ ಬೀಸೋ ಬ್ಯಾಟು ಬಾಳಿಹಣ್ಣಿನಂಗ ಬಗ್ಗಿ ಕಾಣ್ತೈತಿ, ಮೆಕ್ಯಾನಿಕಲ್ಲಿಗೆ ಇಡ್ರಿ, ಆರ್50ದಾಗ ಪೂರಾ ಮೆಕ್ಯಾನಿಕಲ್ ಇಲ್ಲ, ಅದರಾಗ ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ನಿಗೆ ಇಡ್ರಿ.

ಯಾವ್ದ ಬಾಡಿ ಇರ್ಲಿ, ಮೊದಲ ದಿನಾನ ಬದಲ ಮಾಡೂದು ಎರಡೈತಿ. ಕೆನಾನಿನ್ಯಾಗ ಎಐ ಸರ್ವೋ, ನಿಕಾನಿನ್ಯಾಗ ಎಎಫ್-ಸಿ, ಇದು ಓಡೋರ ಬೆನ್ನ ಹತ್ತೋ ಫೋಕಸ್, ಹೊಸಾ ಕ್ಯಾಮೆರಾ ಬಾಕ್ಸಿನಿಂದ ತೆಗದಾಗ ಇದರಾಗ ಇರೂದಿಲ್ಲ. ಆಮ್ಯಾಲ ಆಟೊ ಬಿಟ್ಟು ಶಟರ್ ನಿಮ್ಮ ಕೈಯಾಗ ತಗೊಳ್ರಿ, ಮಟಮಟ ಬಿಸಲಿನ್ಯಾಗ ಐಎಸ್‌ಒ 200, ಎಫ್ 5.6 ಇಟ್ರ 1/1600 ಆರಾಮ ಸಿಗ್ತೈತಿ, ಸಂಜೀ ಕಬಡ್ಡಿಗೆ ಎಫ್ 1.8, 1/500, ಐಎಸ್‌ಒ 3200ರಿಂದ ಶುರು ಮಾಡಿ ಬೆಳಕ ನೋಡಿ ಏರಿಸ್ರಿ ಇಳಿಸ್ರಿ. ರಾ (ಕ್ಯಾಮೆರಾ ತಿದ್ದದ ದೊಡ್ಡ ಫೈಲ್) ತೆಗಿಯೂದೋ ಜೆಪೆಗ್ಗೋ (ಸಣ್ಣ, ತಯಾರಾದ ಫೈಲ್) ಅಂತ ಜಗಳ ಭಾಳ ನಡೀತಾವ, ಆಟಕ್ಕ ಜೆಪೆಗ್. ರಾದಾಗ ಬರ್ಸ್ಟ್ ಒತ್ತಿ ಹಿಡದ್ರ ಸೋವಿ ಬಾಡಿಗಳ ಬಫರ್, ಅಂದ್ರ ಕಾರ್ಡಿಗೆ ಹೋಗೂತನಾ ಫೋಟೊ ಇಡೋ ಜಾಗಾ, ತುಂಬಿ ಕ್ಯಾಮೆರಾ ನಿಂತುಬಿಡ್ತೈತಿ, ಬರೋಬ್ಬರಿ ರೇಡರ್ ಗೆರಿ ಮುಟ್ಟೋ ಹೊತ್ತಿಗೆ. ಫ್ಲ್ಯಾಶ್ ಹಾಕಲೇಬ್ಯಾಡ್ರಿ, ಆಡೋರ ಕಣ್ಣು ಕಟ್ಟತೈತಿ.

ಮ್ಯಾಚಿಗೆ ಮೊದ್ಲ ಪಿಇ ಸರ್‌ಗೆ, ಟೀಮ್ ಕ್ಯಾಪ್ಟನ್‌ಗೆ ಕೇಳ್ರಿ. ಹೆಣ್ಮಕ್ಕಳ ಮ್ಯಾಚಾದ್ರ ಕೇಳದ ಕ್ಯಾಮೆರಾ ತೆಗೀಲೇಬ್ಯಾಡ್ರಿ, ಮತ್ತ ಬಟ್ಟಿ ಜಾರಿದ್ದು, ಬಿದ್ದಾಗ ವಿಚಿತ್ರ ಬಂದಿದ್ದು ಇಂಥಾ ಫ್ರೇಮ್ ಗ್ರೌಂಡಿನ್ಯಾಗ ಕುಂತ ಅಳಿಸ್ರಿ, ಮನೀಗೂ ತರಬ್ಯಾಡ್ರಿ. ಆರಸೂದು ನಾ ಚಿಗರಿ ಬಸ್ಸಿನ್ಯಾಗ ಮಾಡ್ತೀನಿ, ಧಾರವಾಡದಿಂದ ಹುಬ್ಬಳ್ಳಿ ಮುಟ್ಟೂದರಾಗ ಆರನೂರರಾಗ ನಲವತ್ತಕ್ಕ ಇಳೀತಾವ, ಮಕಾ ಕಾಣೂದಿಲ್ಲೋ ಅದು ಹೋತು, ಎಷ್ಟ ಶಾರ್ಪ್ ಇದ್ರೂ ಹೋತು. ರಾತ್ರಿ ಅದರಾಗ ಹನ್ನೆರಡು ಆರಿಸಿ ಆಟಗಾರರಿಗೆ ಕಳಸ್ತೀನಿ, ವಾಟ್ಸಾಪಿನ್ಯಾಗ ಫೋಟೊ ಅಂತ ಹಾಕಿದ್ರ ಸಣ್ಣ ಮಾಡಿಬಿಡ್ತೈತಿ, ಡಾಕ್ಯುಮೆಂಟ್ ಅಂತ ಹಾಕ್ರಿ. ಹಿಂಗ ಎರಡ್ ಸಲ ಕಳಸಿದ ಮ್ಯಾಲ ಹೋದ ವರ್ಷ ಒಬ್ಬ ರೇಡರ್ ಮ್ಯಾಚ್ ಶುರು ಆಗೋಕಿಂತ ಮೊದ್ಲ ಕೈಗೆ ಮಣ್ಣ ತಿಕ್ಕೊಂತ ನನ್ನ ಕಡೆ ಬಂದ, "ಅಣ್ಣಾ, ಇವತ್ತ ನಾ ಎಡಗಡೆ ಕಾರ್ನರ್ ಮ್ಯಾಲ ಹೋಗಾಂವ ಅದೇನಿ, ನೀ ಆ ಮೂಲ್ಯಾಗ ಕುಂಡ್ರು" ಅಂದ.